ಪಿಗ್ಮಿ ಲೆಕ್ಕದ ಎಕ್ಸೆಲ್ ಫೈಲ್: ಮ್ಯಾಕ್ರೋ ಬೇರೆ, ಡೇಟಾ ಬೇರೆ ಮಾಡೋದು ಹೇಗೆ?

ಸೊಸೈಟಿ_ಲೆಕ್ಕ

ಎಲ್ಲರಿಗೂ ನಮಸ್ಕಾರ. ಪತ್ತಿನ ಸಹಕಾರ ಸಂಘವೊಂದರ ಪ್ರಧಾನ ಕಚೇರಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ನಮಗೆ ಆರು ಶಾಖೆ. ಪಿಗ್ಮಿ ಖಾತೆಗಳಿಗೆ ಅಂತ ಹಿಂದೆ ಇದ್ದ ಗುಮಾಸ್ತರು ಒಂದು ಎಕ್ಸೆಲ್ ಫೈಲ್ ಮಾಡಿಟ್ಟು ನಿವೃತ್ತರಾಗಿದ್ದಾರೆ. ಒಳ್ಳೆಯ ಫೈಲೇ. ಏಜೆಂಟರು ತಂದ ದಿನದ ಜಮೆ ತುಂಬಿ ಬಟನ್ ಒತ್ತಿದರೆ ಬಡ್ಡಿ, ಕಮಿಷನ್, ತಿಂಗಳ ಪಟ್ಟಿ ಎಲ್ಲ ಬರುತ್ತದೆ.

ತೊಂದರೆ ಏನಂದ್ರೆ, ಶಾಖೆಗೊಂದು ಕಾಪಿ ಆಗಿದೆ. ಬಟನ್ ಒತ್ತಿದಾಗ ಓಡುವ ಪ್ರೋಗ್ರಾಂ, ಅಂದ್ರೆ ಮ್ಯಾಕ್ರೋ, ಅದರೊಳಗೇ ಇದೆ. ಬಡ್ಡಿ ದರವೂ ಮ್ಯಾಕ್ರೋ ಒಳಗೇ ಅಂಕಿಯಾಗಿ ಕೂತಿದೆ. ಆಡಳಿತ ಮಂಡಳಿ ದರ ಬದಲಿಸಿದಾಗೆಲ್ಲ ಆರೂ ಫೈಲ್ ತೆರೆದು ತಿದ್ದಬೇಕು. ಎರಡು ಶಾಖೆಯವರು ತಾವೇ ತಿದ್ದಿಕೊಂಡಿದ್ದಾರೆ. ಇನ್ನೊಂದು ಶಾಖೆಯಲ್ಲಿ ಅದೇ ಜಮೆಗೆ ಬಡ್ಡಿ ಒಂದೊಂದು ರೂಪಾಯಿ ಹೆಚ್ಚುಕಡಿಮೆ ಬರುತ್ತಿದೆ, ಕಾರಣ ಗೊತ್ತಾಗುತ್ತಿಲ್ಲ. ಹೊಸ ಮ್ಯಾಕ್ರೋ ಇರುವ ಫೈಲ್ ಕಳಿಸಿದರೆ ಅದರಲ್ಲಿ ಅವರ ಡೇಟಾ ಇರಲ್ಲ. ಡೇಟಾನ ಕಾಪಿ ಮಾಡಿ ಪೇಸ್ಟ್ ಮಾಡ್ಕೊಳ್ಳಿ ಅನ್ನೋಕೆ ಧೈರ್ಯ ಬರಲ್ಲ. ದಿನಕ್ಕೆ ಐವತ್ತು, ನೂರು ರೂಪಾಯಿ ಕಟ್ಟುವ ತರಕಾರಿ ಅಂಗಡಿಯವರು, ಆಟೋದವರ ದುಡ್ಡು ಇದು.

ಸಾಫ್ಟ್‌ವೇರ್ ಕೊಳ್ಳುವ ಮಾತು ಇದೆ, ಆದರೆ ಈ ವರ್ಷ ಆಗೋದಲ್ಲ. ಎಕ್ಸೆಲ್‌ನಲ್ಲೇ ಮ್ಯಾಕ್ರೋನ ಒಂದು ಕಡೆ, ಡೇಟಾನ ಒಂದು ಕಡೆ ಇಡೋಕೆ ದಾರಿ ಇದೆಯಾ?

ಬಯಲುಸೀಮೆ_ವಿಬಿಎ

ಖಂಡಿತ ಇದೆ ಮೇಡಂ. ನಿಮ್ಮ ಫೈಲ್‌ನಲ್ಲಿ ಮೂರು ವಸ್ತು ಒಂದರೊಳಗೊಂದು ಸೇರಿಕೊಂಡಿವೆ. ಜಮೆ, ಖಾತೆ ಇವೆಲ್ಲ ಡೇಟಾ. ಲೆಕ್ಕ ಹಾಕುವ ವಿಧಾನ ಮ್ಯಾಕ್ರೋ. ಬಡ್ಡಿ ದರ ಇವೆರಡೂ ಅಲ್ಲ, ಅದು ಆಡಳಿತ ಮಂಡಳಿಯ ತೀರ್ಮಾನ. ಮೂರಕ್ಕೂ ಒಡೆಯರು ಬೇರೆ ಬೇರೆ, ಬದಲಾಗುವ ಹೊತ್ತೂ ಬೇರೆ ಬೇರೆ. ಹಾಗಾಗಿ ಮೂರನ್ನೂ ಬಿಡಿಸಿ.

ಮೊದಲು ಡೇಟಾ. ಹಳೆ ಎಕ್ಸ್‌ಎಲ್‌ಎಸ್‌ಎಂ (ಮ್ಯಾಕ್ರೋ ಇರುವ ಎಕ್ಸೆಲ್) ಫೈಲ್ ತೆರೆದು 'ಸೇವ್ ಆಸ್' ಕೊಟ್ಟು ಎಕ್ಸ್‌ಎಲ್‌ಎಸ್‌ಎಕ್ಸ್ (ಸಾದಾ ಎಕ್ಸೆಲ್) ಆರಿಸಿ. ಮ್ಯಾಕ್ರೋ ಇದರಲ್ಲಿ ಉಳಿಯಲ್ಲ ಅಂತ ಎಕ್ಸೆಲ್ ಎಚ್ಚರಿಸುತ್ತದೆ. ನಮಗೆ ಬೇಕಾದ್ದೂ ಅದೇ, 'ಯೆಸ್' ಒತ್ತಿ. ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್‌ನಲ್ಲಿ ಮ್ಯಾಕ್ರೋ ಇರೋಕೇ ಸಾಧ್ಯವಿಲ್ಲ. ಅಲ್ಲಿಗೆ ಶಾಖೆಯ ಡೇಟಾ ಫೈಲ್ ಸಿಕ್ಕಿತು. ಹಳೆ ಫೈಲ್‌ನ್ನು ಮುಟ್ಟದೆ ಹಾಗೇ ತೆಗೆದಿಡಿ.

ಆಮೇಲೆ ಮ್ಯಾಕ್ರೋ. ಆರೂ ಫೈಲ್‌ಗಳ ವಿಬಿಎ ಎಡಿಟರ್ (ವಿಬಿಎ ಅಂದರೆ ಮ್ಯಾಕ್ರೋ ಬರೆಯುವ ಭಾಷೆ) ತೆರೆದು ಒಂದೊಂದು ಮಾಡ್ಯೂಲ್ (ಮ್ಯಾಕ್ರೋದ ಭಾಗ) ಮೇಲೂ ಬಲ ಕ್ಲಿಕ್ ಮಾಡಿ 'ಎಕ್ಸ್‌ಪೋರ್ಟ್' ಕೊಡಿ. ಬರೀ ಅಕ್ಷರದ ಫೈಲ್ ಬರುತ್ತದೆ. ವಿನ್‌ಮರ್ಜ್‌ನಂಥ ಉಚಿತ ಟೂಲ್‌ನಲ್ಲಿ ಎರಡೆರಡನ್ನು ಪಕ್ಕಪಕ್ಕ ಇಟ್ಟರೆ ಯಾವ ಶಾಖೆಯವರು ಯಾವ ಸಾಲು ತಿದ್ದಿದ್ದಾರೆ ಅಂತ ಬಣ್ಣ ಹಾಕಿ ತೋರಿಸುತ್ತದೆ. ಎಲ್ಲರೂ ಕೂತು ಮ್ಯಾಕ್ರೋದ ಯಾವ ರೂಪ ಸರಿ ಅಂತ ಒಪ್ಪಿಕೊಳ್ಳಿ. ಅದೊಂದೇ ಹೊಸ ಫೈಲ್‌ಗೆ ಹೋಗಬೇಕು.

ಇಲ್ಲಿ ಒಂದು ಕಡೆ ಎಲ್ಲರೂ ಸಿಕ್ಕಿಬೀಳುತ್ತಾರೆ. ಹಳೆ ಮ್ಯಾಕ್ರೋದಲ್ಲಿ ಎಲ್ಲೆಲ್ಲೂ 'ದಿಸ್‌ವರ್ಕ್‌ಬುಕ್' ಅಂತ ಇರುತ್ತದೆ. ಅಂದರೆ ಮ್ಯಾಕ್ರೋ ಯಾವ ಫೈಲ್‌ನಲ್ಲಿದೆಯೋ ಆ ಫೈಲ್. ಮ್ಯಾಕ್ರೋನ ಬೇರೆ ಫೈಲ್‌ಗೆ ಒಯ್ದ ಕೂಡಲೇ ಅದು ಖಾಲಿ ಫೈಲ್‌ನಲ್ಲಿ ಖಾತೆ ಹುಡುಕುತ್ತದೆ. ಅದನ್ನೆಲ್ಲ 'ಆಕ್ಟಿವ್‌ವರ್ಕ್‌ಬುಕ್' ಅಂತ ಬದಲಿಸೋದು ಸುಲಭದ ದಾರಿ ಅನಿಸುತ್ತದೆ, ಆದರೆ ಬೇಡ. ಆ ಕ್ಷಣ ಯಾವ ಫೈಲ್ ಮುಂದಿದೆಯೋ ಅದರ ಮೇಲೆ ಬರೆದುಬಿಡುತ್ತದೆ. ಮಧ್ಯೆ ಯಾರಾದರೂ ಬೇರೆ ಫೈಲ್ ಕ್ಲಿಕ್ ಮಾಡಿದರೆ ಸಾಗರ ಶಾಖೆಯ ಬಡ್ಡಿ ಸೊರಬ ಶಾಖೆಯ ಖಾತೆಗೆ ಬೀಳುತ್ತದೆ. ಡೇಟಾ ಫೈಲ್‌ನ್ನು ಮ್ಯಾಕ್ರೋನೇ ತೆರೆದು ಒಂದು ವೇರಿಯಬಲ್‌ನಲ್ಲಿ (ಮ್ಯಾಕ್ರೋ ಒಳಗೆ ನಾವು ಇಡುವ ಹೆಸರು) ಹಿಡಿದುಕೊಳ್ಳಬೇಕು. ಮುಂದೆ ಓದೋದು, ಬರೆಯೋದು ಎಲ್ಲ ಆ ವೇರಿಯಬಲ್ ಮೂಲಕವೇ. ಶೀಟ್ ಹೆಸರು, ರೇಂಜ್ (ಸೆಲ್‌ಗಳ ವಿಳಾಸ) ಎಲ್ಲೂ ಒಂಟಿಯಾಗಿ ಇರಬಾರದು, ಪ್ರತಿಯೊಂದರ ಮುಂದೂ ಯಾವ ಫೈಲ್ ಅಂತ ಇರಬೇಕು.

ದರವನ್ನು ಡೇಟಾ ಫೈಲ್‌ನಲ್ಲೇ ಒಂದು ಬೇರೆ ಶೀಟ್‌ಗೆ ಹಾಕಿ. ಮ್ಯಾಕ್ರೋ ಒಳಗೆ ಒಂದೇ ಒಂದು ದರದ ಅಂಕಿಯೂ ಉಳಿಯಬಾರದು.

ಒಂದೊಂದು ರೂಪಾಯಿ ವ್ಯತ್ಯಾಸಕ್ಕೆ ನನ್ನ ಊಹೆ ಇದು. ಶೀಟ್‌ನಲ್ಲಿ ಬಳಸುವ 'ರೌಂಡ್' ಸೂತ್ರಕ್ಕೂ ವಿಬಿಎಯ 'ರೌಂಡ್'ಗೂ ವ್ಯತ್ಯಾಸ ಇದೆ. ಸರಿಯಾಗಿ ಅರ್ಧಕ್ಕೆ ಬಂದಾಗ ಶೀಟ್‌ನದು ಮೇಲಕ್ಕೆ ಹೋಗುತ್ತದೆ, 2.5 ಇದ್ದರೆ 3. ವಿಬಿಎಯದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ, 2.5 ಇದ್ದರೆ 2, 3.5 ಇದ್ದರೆ 4. ಆ ಶಾಖೆಯಲ್ಲಿ ಯಾರೋ ಒಂದರ ಬದಲು ಇನ್ನೊಂದು ಹಾಕಿರಬಹುದು. ಪಕ್ಕಪಕ್ಕ ಇಟ್ಟು ನೋಡಿದರೆ ಸಿಗುತ್ತದೆ.

ಜಿಎಸ್‌ಟಿ_ಅಂಗಡಿ

ದರದ ಬಗ್ಗೆ ಒಂದು ಮಾತು ಸೇರಿಸ್ತೀನಿ. ಬೇರೆ ಶೀಟ್‌ಗೆ ಹಾಕಿದರೆ ಸಾಲದು, ಜಾರಿಯಾದ ದಿನಾಂಕವೂ ಪಕ್ಕದಲ್ಲಿ ಇರಬೇಕು.

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾಯಿತಲ್ಲ, 12 ಮತ್ತು 28ರಲ್ಲಿದ್ದ ಬಹುಪಾಲು ಸಾಮಾನು 5ಕ್ಕೆ, 18ಕ್ಕೆ ಬಂದವು. ನಾನು ಲೆಕ್ಕ ಬರೆಯುವ ಅಂಗಡಿಯೊಂದರಲ್ಲಿ ಬಿಲ್ ಫೈಲ್ ಅಚ್ಚುಕಟ್ಟಾಗಿತ್ತು. ದರಕ್ಕೆ ಅಂತ ಬೇರೆ ಶೀಟ್, ಸಾಮಾನಿಗೊಂದು ಸೆಲ್. ಆ ಸೆಲ್‌ನಲ್ಲಿ 12 ಅಳಿಸಿ 5 ಹಾಕಿದ್ದೇ ತಡ, ಆಗಸ್ಟ್‌ನ ಬಿಲ್‌ಗಳೂ 5ಕ್ಕೆ ತಿರುಗಿಕೊಂಡವು. ಗಿರಾಕಿ ಹಳೆ ಸಾಮಾನು ವಾಪಸ್ ತಂದಾಗ ಕ್ರೆಡಿಟ್ ನೋಟ್ ಹಳೆ ದರದಲ್ಲೇ ಕೊಡಬೇಕು, ಫೈಲ್‌ನಲ್ಲಿ ನೋಡಿದರೆ ಹಳೆ ದರವೇ ಇಲ್ಲ.

ಅದಕ್ಕೆ ಮೂರು ಕಾಲಂ ಇಡಿ: ಜಾರಿ ದಿನಾಂಕ, ಠೇವಣಿಯ ಅವಧಿ, ದರ. ಬದಲಾದಾಗ ಹಳೆ ಸಾಲು ಮುಟ್ಟಬೇಡಿ, ಕೆಳಗೆ ಹೊಸ ಸಾಲು ಸೇರಿಸಿ. ಮ್ಯಾಕ್ರೋ ಜಮೆಯ ದಿನಾಂಕ ನೋಡಿ, ಆ ದಿನಕ್ಕಿಂತ ಈಚೆಗಿನದಲ್ಲದ ಸಾಲುಗಳಲ್ಲಿ ತೀರಾ ಹೊಸದನ್ನು ಎತ್ತಿಕೊಳ್ಳಲಿ.

ಕರಾವಳಿ_ಆಡಿಟ್

ಎಲ್ಲರೂ ಬಿಡಿಸಿ ಬಿಡಿಸಿ ಅಂತಿದ್ದೀರಿ. ಲೆಕ್ಕ ತಪಾಸಣೆ ಮಾಡುವವನಾಗಿ ನನಗೆ ಇದರಲ್ಲಿ ಗಂಭೀರವಾದ ಆಕ್ಷೇಪ ಇದೆ.

ಒಂದೇ ಫೈಲ್ ಇದ್ದರೆ ಅದೊಂದು ದಾಖಲೆ. ಐದು ವರ್ಷ ಬಿಟ್ಟು ತೆರೆದರೂ ಈ ಜಮೆಗೆ ಈ ವಿಧಾನದಲ್ಲಿ ಇಷ್ಟು ಬಡ್ಡಿ ಹಾಕಿದ್ದಾರೆ ಅಂತ ಅದರೊಳಗೇ ಕಾಣುತ್ತದೆ. ಬಿಡಿಸಿದ ಮೇಲೆ ಏನಾಗುತ್ತದೆ? ಡೇಟಾ ಫೈಲ್ ಮಾರ್ಚ್‌ದು, ಮ್ಯಾಕ್ರೋ ಫೈಲ್ ಆಗಸ್ಟ್‌ನದು. ಮಾರ್ಚ್‌ನಲ್ಲಿ ಯಾವ ಮ್ಯಾಕ್ರೋ ಓಡಿತ್ತು ಅಂತ ಯಾರಿಗೂ ಹೇಳೋಕೆ ಆಗಲ್ಲ. ಕೆಲವು ಕಡೆ ಮ್ಯಾಕ್ರೋ ಫೈಲೇ ಕಳೆದುಹೋಗಿರುತ್ತದೆ. ಅಂಕಿ ಇರುತ್ತದೆ, ಅಂಕಿ ಬಂದ ದಾರಿ ಇರಲ್ಲ. ಸಣ್ಣ ಸಂಘಗಳಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಠೇವಣಿದಾರ ತಕರಾರು ಮಾಡಿದಾಗ ಸಂಘದವರ ಕೈಯಲ್ಲಿ ತೋರಿಸೋಕೆ ಏನೂ ಇರಲಿಲ್ಲ.

ಬಯಲುಸೀಮೆ_ವಿಬಿಎ

ಸಾರ್, ಈ ಆಕ್ಷೇಪ ಪೂರ್ತಿ ಸರಿ. ಬಿಡಿಸುವವರು ಜಾಸ್ತಿ ಮರೆಯೋದು ಇದನ್ನೇ. ಆದರೆ ಒಂದೇ ಫೈಲ್ ಇದ್ದರೂ ದಾರಿ ಉಳಿಯುತ್ತದೆ ಅನ್ನೋದನ್ನು ನಾನು ಒಪ್ಪಲ್ಲ. ಒಳಗಿನ ಮ್ಯಾಕ್ರೋನ ಯಾರು ಯಾವತ್ತು ತಿದ್ದಿದರು ಅಂತ ಆ ಫೈಲೂ ಹೇಳಲ್ಲ. ಮೇಡಂ ಅವರ ಆರು ಫೈಲ್‌ಗಳೇ ಸಾಕ್ಷಿ.

ದಾರಿ ಉಳಿಯಬೇಕಾದ ಜಾಗ ಡೇಟಾದ ಸಾಲು. ಬಡ್ಡಿ ಹಾಕಿದ ಪ್ರತಿ ಸಾಲಿನಲ್ಲೂ ಬಡ್ಡಿಯ ಮೊತ್ತದ ಜೊತೆಗೆ ಯಾವ ದರ, ಎಷ್ಟು ದಿನಕ್ಕೆ, ಎಂದು ಲೆಕ್ಕ ಹಾಕಿದ್ದು, ಮ್ಯಾಕ್ರೋದ ಎಷ್ಟನೇ ವರ್ಷನ್, ಈ ನಾಲ್ಕೂ ಬರೆದಿಡಬೇಕು. ಸೂತ್ರವಾಗಿ ಅಲ್ಲ, ಮೌಲ್ಯವಾಗಿ. ಆಗ ಮ್ಯಾಕ್ರೋ ಫೈಲ್ ಸುಟ್ಟುಹೋದರೂ ಆ ಸಾಲನ್ನು ಕ್ಯಾಲ್ಕ್ಯುಲೇಟರ್ ಹಿಡಿದು ಯಾರು ಬೇಕಾದರೂ ತಾಳೆ ನೋಡಬಹುದು. ನನ್ನ ಮಟ್ಟಿಗೆ ಡೇಟಾ ಬೇರೆ ಆಯಿತು ಅನ್ನೋದಕ್ಕೆ ಇದೇ ಪರೀಕ್ಷೆ: ಮ್ಯಾಕ್ರೋ ಇಲ್ಲದೆ ಡೇಟಾ ತನ್ನ ಕಥೆ ತಾನೇ ಹೇಳಬೇಕು. ಬರೀ ಫೈಲ್ ಎರಡು ಮಾಡಿದರೆ ಅದು ಆಗಲ್ಲ.

ಮ್ಯಾಕ್ರೋ ಫೈಲ್‌ನ ಪ್ರತಿ ವರ್ಷನ್ನನ್ನೂ ಹೆಸರಿನಲ್ಲಿ ಸಂಖ್ಯೆ ಹಾಕಿ ಒಂದು ಫೋಲ್ಡರ್‌ನಲ್ಲಿ ಉಳಿಸಿ. ಹಳೆಯದನ್ನು ಅಳಿಸಬೇಡಿ.

ಕರಾವಳಿ_ಆಡಿಟ್

ಸಾಲಿನಲ್ಲೇ ದರ, ದಿನ, ವರ್ಷನ್ ಇರುತ್ತದೆ ಅಂದ್ರೆ ನನ್ನ ಅರ್ಧ ಆಕ್ಷೇಪ ಹೋಯಿತು. ಉಳಿದರ್ಧ: ಮೌಲ್ಯವಾಗಿ ಬರೆದದ್ದನ್ನು ಯಾರಾದರೂ ಕೈಯಲ್ಲಿ ತಿದ್ದಬಹುದು. ತಿಂಗಳು ಮುಗಿದ ಮೇಲೆ ಆ ಪಟ್ಟಿಯನ್ನು ಪಿಡಿಎಫ್ ಮಾಡಿ ಕಾರ್ಯದರ್ಶಿ ಸಹಿ ಹಾಕಿಸಿ ಇಡಿ. ಶೀಟ್‌ಗೆ ಪಾಸ್‌ವರ್ಡ್ ಹಾಕಿದ್ದೀವಿ ಅಂತ ನಂಬಿ ಕೂರಬೇಡಿ. ಅದು ಕೈತಪ್ಪಿ ಒತ್ತೋದನ್ನು ತಡೆಯುತ್ತದೆ, ಬೇಕಂತಲೇ ತಿದ್ದುವವರನ್ನು ತಡೆಯಲ್ಲ.

ಹೈಸ್ಕೂಲ್_ಮೇಷ್ಟ್ರು

ನಮಸ್ಕಾರ, ನಾನು ಮ್ಯಾಕ್ರೋ ಬರೆಯುವವನಲ್ಲ, ಬರೀ ಸೂತ್ರ. ಅಂಕಪಟ್ಟಿಯ ಫೈಲ್ ಇದೆ. ನಮ್ಮಂಥವರಿಗೂ ಈ ಮಾತು ಅನ್ವಯಿಸುತ್ತದಾ?

ಬಯಲುಸೀಮೆ_ವಿಬಿಎ

ಪೂರ್ತಿ ಅನ್ವಯಿಸುತ್ತದೆ ಮೇಷ್ಟ್ರೇ. ಸೂತ್ರವೂ ಪ್ರೋಗ್ರಾಮೇ. ಅದರಲ್ಲೂ ಸಾಲು ಸಾಲಿಗೂ ಕಾಪಿ ಆದ ಪ್ರೋಗ್ರಾಂ. ಇನ್ನೂರು ಮಕ್ಕಳಿದ್ದರೆ ಒಂದು ಕಾಲಂನಲ್ಲಿ ಇನ್ನೂರು ಕಾಪಿ. ನಡುವೆ ಒಂದು ಸೆಲ್‌ನಲ್ಲಿ ಯಾರೋ ಸೂತ್ರದ ಮೇಲೆ ನೇರ ಅಂಕಿ ಟೈಪ್ ಮಾಡಿದರೆ ನೋಡೋಕೆ ಎಲ್ಲ ಒಂದೇ ಥರ ಕಾಣುತ್ತದೆ.

ಅಂಕ ತುಂಬುವ ಶೀಟ್‌ನಲ್ಲಿ ಸೂತ್ರವೇ ಇರಬಾರದು, ಬರೀ ಹೆಸರು, ವಿಷಯ, ಅಂಕ. ಲೆಕ್ಕ ಹಾಕುವ ಶೀಟ್‌ನಲ್ಲಿ ಯಾರೂ ಟೈಪ್ ಮಾಡಬಾರದು. ಪಾಸಾಗಲು ಎಷ್ಟು ಅಂಕ ಬೇಕು, ಯಾವ ಶ್ರೇಣಿ ಎಲ್ಲಿಂದ ಶುರು ಅನ್ನೋದು ಮೂರನೇ ಶೀಟ್. ಮತ್ತೆ, ಅಂಕದ ಪಟ್ಟಿಯ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಟಿ ಒತ್ತಿ ಅದನ್ನು ಟೇಬಲ್ ಮಾಡಿಕೊಳ್ಳಿ. ಆಮೇಲೆ ಸೂತ್ರದಲ್ಲಿ ಎರಡನೇ ಸಾಲಿನಿಂದ ಇನ್ನೂರ ಒಂದನೇ ಸಾಲಿನವರೆಗೆ ಅಂತ ಬರೆಯೋ ಬದಲು ಕಾಲಂ ಹೆಸರು ಬರೆಯಬಹುದು. ಮಕ್ಕಳು ಸೇರಿದರೆ ಟೇಬಲ್ ತಾನೇ ಬೆಳೆಯುತ್ತದೆ.

ಸಾಲಿನ ಸಂಖ್ಯೆ ನಂಬಿದರೆ ಏನಾಗುತ್ತದೆ ಅನ್ನೋಕೆ ಜಗತ್ತಿಗೇ ಗೊತ್ತಿರುವ ಉದಾಹರಣೆ ಇದೆ. ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೊಗಾಫ್ 2010ರಲ್ಲಿ ದೇಶಗಳ ಸಾಲ ಮತ್ತು ಬೆಳವಣಿಗೆ ಬಗ್ಗೆ ಒಂದು ಪ್ರಬಂಧ ಬರೆದರು. ಸರಾಸರಿಯ ಸೂತ್ರ 30ನೇ ಸಾಲಿನಿಂದ 49ರವರೆಗೆ ಹೋಗಬೇಕಿತ್ತು, 44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಐದೂ ಹೊರಗುಳಿದವು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಆ ಫೈಲ್ ಪಡೆದು ನೋಡಿದಾಗ ಇದು ಸಿಕ್ಕಿತು. ಆ ಪ್ರಬಂಧದ ಮೇಲೆ ಬೇರೆ ಆಕ್ಷೇಪಗಳೂ ಇದ್ದವು, ಆದರೆ ಈ ತಪ್ಪು ಟೇಬಲ್ ಇದ್ದಿದ್ದರೆ ಹುಟ್ಟುತ್ತಲೇ ಇರಲಿಲ್ಲ.

ಹೈಸ್ಕೂಲ್_ಮೇಷ್ಟ್ರು

ಇವತ್ತೇ ಮಾಡಿ ನೋಡ್ತೀನಿ. ಇನ್ನೊಂದು ಸಣ್ಣ ಪ್ರಶ್ನೆ. ನಮ್ಮ ಸಹೋದ್ಯೋಗಿ ಮ್ಯಾಕ್ರೋದಲ್ಲಿ ಕನ್ನಡದ ಸಂದೇಶ ಹಾಕಲು ಹೋದರೆ ಎಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತಿದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡ್ತಿದ್ದಾರೆ.

ಬಯಲುಸೀಮೆ_ವಿಬಿಎ

ಅದು ಅವರ ತಪ್ಪಲ್ಲ. ವಿಬಿಎ ಎಡಿಟರ್ ಯೂನಿಕೋಡ್‌ಗಿಂತ ಹಿಂದಿನ ಕಾಲದ ಅಕ್ಷರ ಪದ್ಧತಿಯಲ್ಲೇ ಉಳಿದಿದೆ, ಕನ್ನಡಕ್ಕೆ ಅದರಲ್ಲಿ ಜಾಗ ಇಲ್ಲ. 'ಕ' ಬೇಕಾದರೆ ಅದರ ಯೂನಿಕೋಡ್ ಸಂಖ್ಯೆ 3221 ಕೊಟ್ಟು ಒಂದೊಂದೇ ಅಕ್ಷರ ಪೋಣಿಸಬೇಕು. ಒಂದು ವಾಕ್ಯಕ್ಕೆ ಯಾರೂ ಅಷ್ಟು ಕಷ್ಟ ಪಡಬೇಕಾಗಿಲ್ಲ.

ಸಂದೇಶ ಕೂಡ ಡೇಟಾನೇ ಅಂತ ತಿಳಿಯಿರಿ. 'ಸಂದೇಶಗಳು' ಅಂತ ಒಂದು ಶೀಟ್, ಅದರಲ್ಲಿ ಒಂದು ಕಾಲಂ ಗುರುತು, ಪಕ್ಕದಲ್ಲಿ ಕನ್ನಡ ವಾಕ್ಯ. ಸೆಲ್‌ಗಳಲ್ಲಿ ಕನ್ನಡ ಚೆನ್ನಾಗಿ ನಿಲ್ಲುತ್ತದೆ. ಮ್ಯಾಕ್ರೋ ಗುರುತು ನೋಡಿ ವಾಕ್ಯ ಎತ್ತಿಕೊಳ್ಳಲಿ. ಮಾಮೂಲಿ ಮೆಸೇಜ್ ಬಾಕ್ಸ್‌ನಲ್ಲಿ ಆಗಲೂ ಪ್ರಶ್ನಾರ್ಥಕವೇ ಬರುತ್ತದೆ, ಯೂಸರ್ ಫಾರ್ಮ್‌ನ (ನಾವೇ ರೂಪಿಸುವ ಕಿಟಕಿ) ಲೇಬಲ್‌ನಲ್ಲಿ ತೋರಿಸಿ. ಇದರಿಂದ ಇನ್ನೊಂದು ಲಾಭ ಇದೆ. ವಾಕ್ಯದಲ್ಲಿ ಕಾಗುಣಿತ ತಪ್ಪಿದ್ದರೆ ಮ್ಯಾಕ್ರೋ ಗೊತ್ತಿಲ್ಲದ ಕನ್ನಡ ಮೇಷ್ಟ್ರೂ ತಿದ್ದಬಹುದು.

ಶೀಟ್ಸ್_ಬಳಗ

ಗೂಗಲ್ ಶೀಟ್ಸ್ ಬಳಸುವವರೂ ಕೇಳಿಸಿಕೊಳ್ಳಿ. ಅಲ್ಲೂ ಇದೇ ಗೋಳು. ಶೀಟ್‌ಗೆ ಅಂಟಿಕೊಂಡ ಆ್ಯಪ್ಸ್ ಸ್ಕ್ರಿಪ್ಟ್ (ಅಲ್ಲಿನ ಮ್ಯಾಕ್ರೋ) ಇದ್ದರೆ 'ಮೇಕ್ ಎ ಕಾಪಿ' ಕೊಟ್ಟಾಗ ಸ್ಕ್ರಿಪ್ಟ್ ಕೂಡ ಕಾಪಿ ಆಗುತ್ತದೆ. ಆಮೇಲೆ ಮೂಲದಲ್ಲಿ ತಿದ್ದಿದ್ದು ಕಾಪಿಗಳಿಗೆ ಹೋಗಲ್ಲ. ಲೆಕ್ಕದ ಭಾಗವನ್ನು ಒಂಟಿ ಸ್ಕ್ರಿಪ್ಟ್ ಮಾಡಿ ಲೈಬ್ರರಿಯಾಗಿ (ಬೇರೆ ಫೈಲ್‌ಗಳೂ ಕರೆದು ಬಳಸುವ ಹಾಗೆ) ಇಟ್ಟು, ಶೀಟ್‌ನೊಳಗೆ ಆ ಲೈಬ್ರರಿನ ಕರೆಯುವ ಎರಡು ಸಾಲು ಮಾತ್ರ ಬಿಡಿ.

ಬ್ರಿಟನ್_ಕನ್ನಡಿಗ

ಡೇಟಾನ ಪ್ರೋಗ್ರಾಂನ ಡಬ್ಬಿಯೊಳಗೆ ತುಂಬಿದರೆ ಡಬ್ಬಿಯ ಮಿತಿಯೇ ಡೇಟಾದ ಮಿತಿ ಆಗುತ್ತದೆ. ಇಲ್ಲಿ ಇಂಗ್ಲೆಂಡಿನಲ್ಲಿ ಕೋವಿಡ್ ಸಮಯದಲ್ಲಿ ಅದನ್ನು ಕಂಡೆವು. ಲ್ಯಾಬ್‌ಗಳು ಫಲಿತಾಂಶವನ್ನು ಸಾದಾ ಸಿಎಸ್‌ವಿ (ಬರೀ ಅಕ್ಷರದ) ಫೈಲ್‌ಗಳಲ್ಲಿ ಕಳಿಸುತ್ತಿದ್ದವು, ಅದಕ್ಕೆ ಸಾಲಿನ ಮಿತಿ ಇಲ್ಲ. ಆದರೆ ಸಾರ್ವಜನಿಕ ಆರೋಗ್ಯ ಇಲಾಖೆಯಲ್ಲಿ ಅದನ್ನು ಹಳೆ ಎಕ್ಸ್‌ಎಲ್‌ಎಸ್ ಮಾದರಿಯ ಟೆಂಪ್ಲೇಟ್‌ಗೆ ಎಳೆದುಕೊಳ್ಳುತ್ತಿದ್ದರು. ಆ ಮಾದರಿಗೆ 65,536 ಸಾಲೇ ಕೊನೆ. ಒಬ್ಬ ರೋಗಿಗೆ ಹಲವು ಸಾಲು ಬೇಕಾದ್ದರಿಂದ ಒಂದು ಫೈಲ್‌ಗೆ ಸುಮಾರು 1,400 ಜನ ಅಷ್ಟೇ ಹಿಡಿಸುತ್ತಿದ್ದರು. ಉಳಿದವರು ಸದ್ದಿಲ್ಲದೆ ಬಿಟ್ಟುಹೋದರು. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಪ್ರಕರಣ ಲೆಕ್ಕಕ್ಕೇ ಬರಲಿಲ್ಲ, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕೋದೂ ತಡವಾಯಿತು. 2007ರಿಂದ ಈಚಿನ ಎಕ್ಸೆಲ್‌ಗೆ 10,48,576 ಸಾಲಿದೆ ನಿಜ. ಆದರೂ ಬಂದ ಸಾಲೆಷ್ಟು, ಒಳಗೆ ಸೇರಿದ್ದೆಷ್ಟು ಅಂತ ಮ್ಯಾಕ್ರೋ ಪ್ರತಿ ಸಲ ಎಣಿಸಿ ತಾಳೆ ಮಾಡಲೇಬೇಕು. ಮೇಡಂ, ನಿಮ್ಮ ಫೈಲ್ ಹಳೆ ಎಕ್ಸ್‌ಎಲ್‌ಎಸ್‌ನಿಂದ ಬಂದದ್ದಾದರೆ 65,536 ಅನ್ನೋ ಅಂಕಿ ಮ್ಯಾಕ್ರೋದಲ್ಲಿ ಎಲ್ಲಾದರೂ ಇದೆಯಾ ಹುಡುಕಿ ನೋಡಿ.

ಡೇಟಾಬೇಸ್_ಧಾರವಾಡ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇಷ್ಟೆಲ್ಲ ಮಾಡೋ ಬದಲು ಡೇಟಾನ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಪ್ರೋಗ್ರಾಂ ಆದ ಆಕ್ಸೆಸ್‌ನಲ್ಲಿ ಇಡಬಹುದಲ್ವಾ? ಅದರಲ್ಲಿ ಟೇಬಲ್‌ಗಳನ್ನು ಒಂದು ಫೈಲ್‌ಗೆ, ಫಾರ್ಮ್ ಮತ್ತು ಕೋಡ್‌ನ ಇನ್ನೊಂದಕ್ಕೆ ಒಡೆಯುವ ಸೌಲಭ್ಯವೇ ಇದೆ. ಕೆಲವರಿಗೆ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಕೂಡ ಹೊಂದುತ್ತದೆ. ಒಂದೇ ಫೈಲ್‌ಗೆ ಇಬ್ಬರು ಒಟ್ಟಿಗೆ ಬರೆಯುವ ಕೆಲಸ ಎಕ್ಸೆಲ್‌ನ ಜಾಯಮಾನಕ್ಕೆ ಒಗ್ಗಲ್ಲ.

ಸೊಸೈಟಿ_ಲೆಕ್ಕ

ಒಪ್ಪುತ್ತೇನೆ ಸಾರ್, ಆದರೆ ನಮ್ಮ ಶಾಖೆಗಳಲ್ಲಿ ಆಕ್ಸೆಸ್ ಇಲ್ಲ, ಎಕ್ಸೆಲ್ ಮಾತ್ರ ಇದೆ. ಶಾಖೆಗೆ ಒಬ್ಬರೇ ತುಂಬುವವರು. ಶಾಖೆಗಳ ನಡುವೆ ನೆಟ್‌ವರ್ಕ್ ಇಲ್ಲ, ಫೈಲ್‌ನ್ನು ಇಮೇಲ್‌ನಲ್ಲಿ ಕಳಿಸುತ್ತಾರೆ. ಅದರಲ್ಲೂ ಒಂದು ತೊಂದರೆ. ಇಮೇಲ್‌ನಲ್ಲಿ ಬಂದ ಫೈಲ್ ತೆರೆದರೆ ಕೆಂಪು ಪಟ್ಟಿ ಬಂದು ಮ್ಯಾಕ್ರೋ ಓಡಲ್ಲ ಅನ್ನುತ್ತದೆ.

ಬಯಲುಸೀಮೆ_ವಿಬಿಎ

2022ರಿಂದ ಮೈಕ್ರೋಸಾಫ್ಟ್ ಇಂಟರ್ನೆಟ್‌ನಿಂದ ಬಂದ ಫೈಲ್‌ಗಳ ಮ್ಯಾಕ್ರೋನ ತಾನಾಗಿಯೇ ತಡೆಯುತ್ತಿದೆ. ಒಳ್ಳೆಯದೇ ಮಾಡಿದ್ದಾರೆ. ಎಕ್ಸೆಲ್ ಮ್ಯಾಕ್ರೋ ವೈರಸ್ ಕಾಟ 1996ರಿಂದಲೂ ಇದೆ. ನಿಮ್ಮ ಹೊಸ ಏರ್ಪಾಡಿನಲ್ಲಿ ಈ ಕಿರಿಕಿರಿ ತಾನೇ ಹೋಗುತ್ತದೆ. ತಿಂಗಳು ತಿಂಗಳು ಓಡಾಡೋದು ಬರೀ ಎಕ್ಸ್‌ಎಲ್‌ಎಸ್‌ಎಕ್ಸ್, ಅದರಲ್ಲಿ ಮ್ಯಾಕ್ರೋ ಇಲ್ಲ, ತಡೆಯೋಕೆ ಏನೂ ಇಲ್ಲ. ಮ್ಯಾಕ್ರೋ ಫೈಲ್ ಹೋಗೋದು ಬದಲಾದಾಗ ಮಾತ್ರ. ಅದನ್ನು ಸೇವ್ ಮಾಡಿ, ಬಲ ಕ್ಲಿಕ್ ಮಾಡಿ 'ಪ್ರಾಪರ್ಟೀಸ್'ನಲ್ಲಿ 'ಅನ್‌ಬ್ಲಾಕ್' ಟಿಕ್ ಹಾಕಿ ತೆರೆಯೋಕೆ ಹೇಳಿ. ನಿಮ್ಮಿಂದ ಬಂದ ಫೈಲ್ ಅಂತ ಫೋನ್ ಮಾಡಿ ಖಚಿತ ಮಾಡಿಕೊಂಡ ಮೇಲೆ ಮಾತ್ರ.

ಶಾಖೆಯವರು ಹಳೆ ಮ್ಯಾಕ್ರೋನೇ ಓಡಿಸಿಬಿಟ್ಟರೆ ಅನ್ನೋ ಭಯ ಇರುತ್ತದಲ್ಲ, ಅದಕ್ಕೂ ದಾರಿ ಇದೆ. ಡೇಟಾ ಫೈಲ್‌ನಲ್ಲಿ ದರದ ಸಾಲಿನ ಪಕ್ಕ 'ಕನಿಷ್ಠ ವರ್ಷನ್' ಅಂತ ಒಂದು ಕಾಲಂ ಇಡಿ. ಶುರುವಾಗುತ್ತಲೇ ಮ್ಯಾಕ್ರೋ ತನ್ನ ಸಂಖ್ಯೆ ಅದಕ್ಕಿಂತ ಕಡಿಮೆ ಇದ್ದರೆ ಏನೂ ಬರೆಯದೆ ನಿಲ್ಲಬೇಕು.

ಒಂದು ತಿಂಗಳು ಹಳೆಯದು, ಹೊಸದು ಎರಡನ್ನೂ ಓಡಿಸಿ ಖಾತೆವಾರು ಬಡ್ಡಿ ತಾಳೆ ನೋಡಿ. ಒಟ್ಟು ಮೊತ್ತ ಕೂಡಿತು ಅಂತ ಬಿಡಬೇಡಿ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಆದರೂ ಒಟ್ಟು ಕೂಡಿಬಿಡುತ್ತದೆ.

ಸೊಸೈಟಿ_ಲೆಕ್ಕ

ಒಂದು ಶಾಖೆಯದು ಮಾಡಿ ಮುಗಿಸಿದೆ. ಎಲ್ಲರಿಗೂ ತುಂಬಾ ಧನ್ಯವಾದ. ರೂಪಾಯಿ ವ್ಯತ್ಯಾಸಕ್ಕೆ ನೀವು ಹೇಳಿದ ರೌಂಡ್ ಕಾರಣ, ಪಕ್ಕಪಕ್ಕ ಇಟ್ಟ ಕೂಡಲೇ ಕಂಡಿತು. ಶೀಟ್‌ನ ರೌಂಡ್ ಅಂತಲೇ ಎಲ್ಲ ಕಡೆ ಇಟ್ಟಿದ್ದೇವೆ. ಸಾಲಿನಲ್ಲಿ ದರ, ದಿನ, ವರ್ಷನ್ ಬರುವ ಹಾಗೆ ಮಾಡಿದ್ದನ್ನು ನೋಡಿ ನಮ್ಮ ಕಾರ್ಯದರ್ಶಿಗಳೂ ಖುಷಿಪಟ್ಟರು.

ಎರಡು ತೊಡಕು ಉಳಿದಿವೆ. ಖಾತೆ ಸಂಖ್ಯೆ 0047 ಇದ್ದದ್ದು ಕೆಲವು ಕಡೆ 47 ಆಗಿದೆ, ದಿನಾಂಕ ಕೆಲವರು 5.6.2024 ಅಂತ ಚುಕ್ಕೆ ಹಾಕಿ ಬರೆದಿದ್ದಾರೆ, ಮ್ಯಾಕ್ರೋ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಇನ್ನೊಂದು, ಡೇಟಾ ಫೈಲ್‌ನ ಶೀಟ್ ಮೇಲಿರುವ ಬಟನ್ ಒತ್ತಿದರೆ ಹಳೆ ಫೈಲೇ ತೆರೆದುಕೊಳ್ಳುತ್ತಿದೆ.

ಬಯಲುಸೀಮೆ_ವಿಬಿಎ

ಖಾತೆ ಸಂಖ್ಯೆ ಕೂಡುವ ಕಳೆಯುವ ಸಂಖ್ಯೆ ಅಲ್ಲ, ಹೆಸರಿನ ಹಾಗೆ. ಆ ಕಾಲಂನ್ನು 'ಟೆಕ್ಸ್ಟ್' ಮಾಡಿ, ಆಮೇಲೆ ಸೊನ್ನೆ ಸೇರಿಸಿ. ಚುಕ್ಕೆ ಹಾಕಿದ ದಿನಾಂಕ ಎಕ್ಸೆಲ್‌ಗೆ ಬರೀ ಅಕ್ಷರವಾಗಿ ಕಾಣುತ್ತಿದೆ. ದಿನಾಂಕದ ಕಾಲಂಗೆ 'ಡೇಟಾ ವ್ಯಾಲಿಡೇಶನ್' ಹಾಕಿದರೆ ಮುಂದೆ ಟೈಪ್ ಮಾಡುವಾಗಲೇ ತಡೆಯುತ್ತದೆ, ಪೇಸ್ಟ್ ಮಾಡಿದ್ದನ್ನು ಮಾತ್ರ ತಡೆಯಲ್ಲ. ಹಾಗಾಗಿ ಮ್ಯಾಕ್ರೋ ಕೂಡ ಪರೀಕ್ಷಿಸಬೇಕು, ಅರ್ಥವಾಗದ ಸಾಲನ್ನು ಬಿಟ್ಟು ಹೋಗಬಾರದು. ಅಂಥವನ್ನೆಲ್ಲ ಒಂದು ಪಟ್ಟಿಗೆ ಹಾಕಿ ತೋರಿಸಿ, ಪಟ್ಟಿ ಖಾಲಿಯಾಗುವ ತನಕ ಬಡ್ಡಿ ಹಾಕಬಾರದು.

ಬಟನ್‌ಗೆ ಹಳೆ ಫೈಲ್‌ನ ಹೆಸರು ಅಂಟಿಕೊಂಡಿದೆ. ಡೇಟಾ ಶೀಟ್‌ಗಳಿಂದ ಬಟನ್‌ಗಳನ್ನು ಪೂರ್ತಿ ತೆಗೆದುಬಿಡಿ, ಬಟನ್ ಇರಬೇಕಾದ್ದು ಮ್ಯಾಕ್ರೋ ಫೈಲ್‌ನಲ್ಲಿ. ಹಾಗೇ 'ಡೇಟಾ' ಮೆನುವಿನ 'ಎಡಿಟ್ ಲಿಂಕ್ಸ್' (ಹೊಸ ಎಕ್ಸೆಲ್‌ನಲ್ಲಿ 'ವರ್ಕ್‌ಬುಕ್ ಲಿಂಕ್ಸ್') ಮತ್ತು 'ಫಾರ್ಮುಲಾಸ್' ಮೆನುವಿನ 'ನೇಮ್ ಮ್ಯಾನೇಜರ್' ಎರಡರಲ್ಲೂ ಹಳೆ ಫೈಲ್‌ನ ಹೆಸರು ಉಳಿದಿದೆಯಾ ನೋಡಿ. ಇದ್ದರೆ ಉಳಿದ ಐದು ಶಾಖೆಗೆ ಹೋಗುವ ಮುಂಚೆಯೇ ಅಳಿಸಿ.